ಹತ್ತನೇ ರಾತ್ರಿ

ಉಗಾರ ಖುರ್ದದಲ್ಲಿ ಕಬ್ಬಿನ ಹಂಗಾಮು. ಕಾರ್ಖಾನೆ ಕಡೆ ಹೊರಟ ಟ್ರ್ಯಾಕ್ಟರುಗಳು ಬಾಗಿಲ ಮುಂದೆಯೇ ಸಾಲುಗಟ್ಟಿವೆ. ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಾಳೆ. ಗೋಡೆಗೆ ಆತು ಕೂತ ಅತ್ತೆಗೆ ಸುಮ್ಮನಿರಲು ಆಗದು. ಹಿಟ್ಟಿನ ಪರಾತಕ್ಕೆ ಕೈ ಹಾಕುತ್ತಾರೆ.

"ಬ್ಯಾಡ್ರಿ ಅತ್ತಿ, ಅಂಗೈ ನೋಡ್ಕೋರಿ."

ಅಂಗೈ ಕೆಂಪೇರಿದೆ. ಬೆರಳಿನ ಬುಡದಲ್ಲಿ ಚರ್ಮ ಸುಲಿಯುತ್ತಿದೆ. ಕ್ಯಾನ್ಸರಿಗೆ ನುಂಗುವ ಕೆಪೆಸಿಟಾಬಿನ್ ಗುಳಿಗೆ ಹೀಗೆ ಅಂಗೈ ಅಂಗಾಲಿಗೆ ಇಳಿಯುತ್ತದೆ. ಬಿಸಿ, ತಿಕ್ಕಾಟ ಎರಡೂ ಕೂಡದು. ರೊಟ್ಟಿ ಬಡಿಯುವ ಕೆಲಸದಲ್ಲಿ ಇರುವುದು ಅವೆರಡೇ. ಬೀಡಿ ಕಟ್ಟುವ ನಿಪ್ಪಾಣಿಯ ಹೆಂಗಸಿಗೆ, ಚಪ್ಪಲಿ ಹೊಲಿಯುವ ಅಥಣಿಯವರಿಗೆ ಇದೇ ಗುಳಿಗೆ ಕೊಟ್ಟರೆ ದುಡಿಯುವ ಕೈಗೇ ಪೆಟ್ಟು. ನೋವು ಹೆಚ್ಚಿದರೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ. ಆದರೆ ನಮ್ಮವರು ಹೇಳದೆ ನುಂಗಿಕೊಳ್ಳುತ್ತಾರೆ, ನನಗೆ ಅದೇ ಚಿಂತೆ.

ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿದ ನ್ಯೂರೋಎಂಡೋಕ್ರೈನ್ ಗಡ್ಡೆ ಅತ್ತೆಯ ಯಕೃತ್ತಿಗೂ ಹಬ್ಬಿದೆ. ಚಿಕಿತ್ಸೆ ಗಡಿಯಾಚೆ ಮಿರಜಿನಲ್ಲಿ. 1894ರಲ್ಲಿ ವಾನ್ಲೆಸ್ ಆಸ್ಪತ್ರೆ ಶುರುವಾದಾಗಿನಿಂದ ರಾಯಬಾಗ, ಕುಡಚಿ, ಕಾಗವಾಡದವರಿಗೆ ದೊಡ್ಡ ಬೇನೆ ಬಂದರೆ ಮೊದಲು ನೆನಪಾಗುವ ಊರು ಅದು. ಈ ಕೀಮೋಗೆ ಮಾತ್ರ ಸಲೈನ್ ಬಾಟಲಿ ಬೇಕಿಲ್ಲ, ಮನೆಯಲ್ಲೇ ನುಂಗುವುದು.

28 ದಿನಕ್ಕೆ ಒಂದು ಸುತ್ತು. ಮೊದಲ 14 ದಿನ ಎರಡೂ ಹೊತ್ತು, ಊಟವಾದ ಅರ್ಧ ಗಂಟೆಯೊಳಗೆ ಕೆಪೆಸಿಟಾಬಿನ್. 10ರಿಂದ 14ನೇ ದಿನದವರೆಗೆ ರಾತ್ರಿ ಟೆಮೊಜೊಲೊಮೈಡ್ ಕೂಡ. ಇವತ್ತು ಹತ್ತನೆಯದು.

ಏಳೂವರೆಗೆ ಊಟ, ಹಿಂದೆಯೇ 500 ಮಿಲಿಗ್ರಾಮಿನ ಎರಡು ಗುಳಿಗೆ. ಆಮೇಲೆ ಟೆಮೊಜೊಲೊಮೈಡಿಗೆ ಹೊಟ್ಟೆ ಖಾಲಿಯಾಗುವವರೆಗೆ ಕಾಯಬೇಕು. ಟೆಮೊಜೊಲೊಮೈಡ್ ಗಡ್ಡೆಯ ಕೋಶದ ಡಿಎನ್ಎ ಕೆಡಿಸುತ್ತದೆ; ಎಂಜಿಎಂಟಿ ಎಂಬ ಪ್ರೋಟೀನು ಅದನ್ನು ರಿಪೇರಿ ಮಾಡುತ್ತದೆ. ಮುಂಚೆಯೇ ಒಳಹೊಕ್ಕ ಕೆಪೆಸಿಟಾಬಿನ್ ಆ ರಿಪೇರಿಯ ಬಲ ಕುಗ್ಗಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡದ್ದರಿಂದ ಈ ಕ್ರಮ. ಮೇದೋಜೀರಕದ ಇಂಥ ಗಡ್ಡೆಯಿದ್ದ 144 ಜನರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಜೋಡಿ ಔಷಧ ರೋಗವನ್ನು ಸುಮಾರು 22.7 ತಿಂಗಳು ತಡೆದು ನಿಲ್ಲಿಸಿತು, ಟೆಮೊಜೊಲೊಮೈಡ್ ಒಂದೇ 14.4 ತಿಂಗಳು. ಒಟ್ಟು ಆಯುಸ್ಸಿನಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೂ ಎಂಟು ತಿಂಗಳೆಂದರೆ ಒಂದು ಹಂಗಾಮು ಪೂರ್ತಿ ಮನೆಯಲ್ಲಿ ನೆಮ್ಮದಿಯಾಗಿರುವ ಕಾಲ. ಅದು ಸಣ್ಣದಲ್ಲ.

ಒಂಬತ್ತೂಮುಕ್ಕಾಲಿಗೆ ವಾಂತಿ ತಡೆಯುವ ಗುಳಿಗೆ. ಹತ್ತೂವರೆಗೆ ಮಗ ಮೂರು ಕ್ಯಾಪ್ಸೂಲನ್ನು ಮುಚ್ಚಳಕ್ಕೆ ಸುರಿದು ಕೊಡುತ್ತಾನೆ. ಒಡೆಯುವಂತಿಲ್ಲ, ಪುಡಿ ಯಾರ ಕೈಗೂ ತಾಗುವಂತಿಲ್ಲ.

"ಸಾವಕಾಶ ನುಂಗವ್ವ."

ನುಂಗಿದರು. ಕ್ಯಾಲೆಂಡರಿನ ಮೇಲೆ ಗೆರೆ ಬಿತ್ತು. ಇನ್ನು ಮುಂದಿನ ಸುತ್ತಿನ ರಕ್ತಪರೀಕ್ಷೆಯವರೆಗೂ ಎಚ್ಚರ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುವುದು ತಡವಾಗಿಯೇ. ಜ್ವರ 100.4 ಮುಟ್ಟಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆ ಸೇರಬೇಕು.

ಮಗ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋದ.

"ಕಾಕಾ, ನಿಮ್ಮ ಗಾಡಿ ಟ್ರ್ಯಾಕ್ಟರ್ ಹಿಂದ ಸಿಗಲಾರದಂಗ ಹಚ್ಚ್ರಿ. ಅವ್ವಗ ಯಾವಾಗ ಬೇಕಾಗ್ತದೋ."