ಶರಾವತಿಯ ಮೇಲೊಂದು ಮೈಲೇಜ್ ಲೆಕ್ಕ

ರೈಲಿನ ಕಿಟಕಿಯಿಂದ ಹೊನ್ನಾವರದ ಶರಾವತಿಯನ್ನು ಮೊದಲ ಸಲ ನೋಡಿದವರಿಗೆ ಇದು ಹೊಳೆಯೋ ಸಮುದ್ರವೋ ಎಂಬ ಅನುಮಾನ ಬರುತ್ತದೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇಲ್ಲಿಯದೇ, ಎರಡು ಕಿಲೋಮೀಟರಿಗೂ ಕೊಂಚ ಹೆಚ್ಚು. ಜೋಗದಲ್ಲಿ ಧುಮುಕಿ ಗೇರುಸೊಪ್ಪೆ ದಾಟಿ ಬಂದ ನೀರು ಇಲ್ಲಿ ಮೈಚಾಚಿ ಮಲಗಿದಂತೆ ಕಾಣುತ್ತದೆ. ಕಾಣುವುದಷ್ಟೇ. ಭರತಿ ಬಂದಾಗ ಕಡಲ ನೀರು ಅಳಿವೆಯಿಂದ ಒಳನುಗ್ಗಿ ಹೊಳೆಯನ್ನೇ ಹಿಂದಕ್ಕೆ ತಳ್ಳುತ್ತದೆ. ಇಳಿತದಲ್ಲಿ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ದಿನಕ್ಕೆ ಸುಮಾರಾಗಿ ಎರಡೆರಡು ಬಾರಿ ನಡೆಯುವ ಈ ಹಗ್ಗಜಗ್ಗಾಟದ ನಡುವೆ ಬದುಕುವವರು ದೋಣಿಯವರು.

ನಾವು ಹೋದದ್ದು ಕಾಂಡ್ಲಾ ಗಿಡಗಳನ್ನು ನೋಡಲು. ಬಾಡಿಗೆ ಎಷ್ಟೆಂದು ಕೇಳಿದಾಗ ಯಜಮಾನರು ಹೇಳುವ ಮೊದಲೇ ದೋಣಿಯೊಳಗಿದ್ದ ಅವರ ಮಗ, "ಅಪ್ಪ, ಲೆಕ್ಕ ಮುಗೀಲಿ, ಆಮೇಲೆ ಹೇಳುವ" ಎಂದ. ಪಿಯುಸಿ ಓದುವ ಹುಡುಗ, ರಜೆಯಲ್ಲಿ ಮನೆಗೆ ಬಂದವನು. ಅವನ ಕೈಯಲ್ಲಿ ಮೊಬೈಲು, ಕಾಲ ಬಳಿ ಒಂದು ಸಣ್ಣ ಕ್ಯಾನು. ಕ್ಯಾನಿನ ಮೈಮೇಲೆ ಅಳತೆಯ ಗೆರೆಗಳು.

ವಿಷಯ ಇಷ್ಟೇ. ಅವರದು ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ಮಾರಿ ಫೋರ್ ಸ್ಟ್ರೋಕ್ ಕೊಳ್ಳೋಣ ಎಂದು ಮಗ. ಸಾಲ ಯಾರು ತೀರಿಸುವುದೆಂದು ಅಪ್ಪ. ಮಗನ ವಾದದಲ್ಲಿ ಹುರುಳಿದೆ. ಸಾಮಾನ್ಯ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವ ದಾರಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಒಳಬರುತ್ತದೆ. ಅದರಲ್ಲೊಂದು ಪಾಲು ಸುಡದೆಯೇ ಹೊಗೆಯ ಜೊತೆ ನೀರಿಗೆ ಹೋಗುತ್ತದೆ. ದೋಣಿಯ ಹಿಂದೆ ತೇಲುವ ಬಣ್ಣದ ಪೊರೆಯನ್ನು ನೀವೂ ನೋಡಿರಬಹುದು. ಆದರೆ ಸಾಲ ಮಾಡುವ ಮೊದಲು ಈಗಿನ ಖರ್ಚು ಎಷ್ಟೆಂದು ತಿಳಿಯಬೇಕಲ್ಲ? ಮಗನ ಹಾಸ್ಟೆಲ್ ಫೀಸೂ ಇದೇ ಪೆಟ್ರೋಲ್ ಕಳೆದು ಉಳಿಯುವ ದುಡ್ಡಿನಲ್ಲೇ ಹೋಗುವುದು.

ಬೈಕಿನ ಮೈಲೇಜನ್ನು ಯಾರು ಬೇಕಾದರೂ ಅಳೆಯಬಹುದು. ರಸ್ತೆ ಕಾಲಡಿ ಓಡುವುದಿಲ್ಲ. ಇಲ್ಲಿ ರಸ್ತೆಯೇ ಹರಿಯುತ್ತದೆ! ಹುಡುಗ ದಡದಲ್ಲಿ ಎರಡು ಗುರುತು ಹಿಡಿದಿದ್ದ: ಒಂದು ಜೆಟ್ಟಿ, ಇನ್ನೊಂದು ನೀರಿಗೆ ಬಾಗಿದ ತೆಂಗಿನಮರ. ಮೊಬೈಲಿನ ಜಿಪಿಎಸ್ ಪ್ರಕಾರ ನಡುವೆ ಎರಡು ಕಿಲೋಮೀಟರ್. ನಾವೂ ಹತ್ತಿದೆವು. ಲೈಫ್ ಜಾಕೆಟ್ ಹಾಕಿಸಿದ ಯಜಮಾನರು, ಪೆಟ್ರೋಲ್ ಪೈಪನ್ನು ದೊಡ್ಡ ಟ್ಯಾಂಕಿನಿಂದ ಕ್ಯಾನಿಗೆ ತಾವೇ ಬದಲಿಸಿದರು. ಆ ಕೆಲಸವನ್ನು ಮಗನಿಗೆ ಬಿಡಲಿಲ್ಲ. ವೇಗದ ಹಿಡಿಯನ್ನು ಒಂದೇ ಗುರುತಿನಲ್ಲಿ ನಿಲ್ಲಿಸಿದರು.

ಆಗ ಇಳಿತ. ಹರಿವಿನ ಜೊತೆ ಕಡಲ ಕಡೆಗೆ ಬಂದಾಗ ಹತ್ತು ನಿಮಿಷ, ಅರ್ಧ ಲೀಟರ್. ತಿರುಗಿ ಹರಿವಿಗೆ ಎದುರಾಗಿ ಹೋದಾಗ ಹದಿನೈದು ನಿಮಿಷ, ಮುಕ್ಕಾಲು ಲೀಟರ್. (ಹತ್ತಿಪ್ಪತ್ತು ಮಿಲಿಲೀಟರಿನ ಆಚೀಚೆ ಬಿಟ್ಟು ದುಂಡು ಲೆಕ್ಕ ಹೇಳುತ್ತಿದ್ದೇನೆ.) ಅದೇ ದೋಣಿ, ಅದೇ ಇಂಜಿನ್, ಒಮ್ಮೆ ಲೀಟರಿಗೆ 4 ಕಿ.ಮೀ., ಇನ್ನೊಮ್ಮೆ 2.67.

ಇಲ್ಲಿ ಶುರುವಾಯಿತು ಜಗಳ. ನಾಲ್ಕು ಕಿಲೋಮೀಟರಿಗೆ ಒಂದೂಕಾಲು ಲೀಟರ್, ಅಂದರೆ 3.2 ಎಂದರು ಯಜಮಾನರು, ಬಾಯಿಲೆಕ್ಕದಲ್ಲೇ. ಅಲ್ಲ, ಎರಡು ಮೈಲೇಜುಗಳ ಸರಾಸರಿ 3.33 ಎಂದ ಮಗ. ಶಾಲೆಯಲ್ಲಿ ಗಣಿತ ಕಲಿತ ನಾವೆಲ್ಲ ಅಪ್ಪನ ಪಕ್ಷ; ಸರಾಸರಿಗಳ ಸರಾಸರಿ ತೆಗೆಯಬಾರದೆಂದು ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದಾರಲ್ಲ. ಹುಡುಗ ಬಿಡಲಿಲ್ಲ. "ಹೋಗ್ತಾ ಗಂಟೆಗೆ ಹನ್ನೆರಡು, ಬರ್ತಾ ಎಂಟು. ಹೊಳೆ ಎರಡು ಕೂಡಿಸಿದೆ, ಎರಡು ಕಳೆದಿದೆ. ದೋಣಿಯ ಸ್ವಂತ ವೇಗ ಹತ್ತೇ. ಗಂಟೆಗೆ ಸುಡೋದು ಮೂರು ಲೀಟರ್. ಹತ್ತನ್ನು ಮೂರರಿಂದ ಭಾಗಿಸಿ."

ಸರಿಯೇ. ಎದುರು ಹರಿವಿನಲ್ಲಿ ದೋಣಿ ಹೆಚ್ಚು ಹೊತ್ತು ಇರುತ್ತದೆ, ಆದ್ದರಿಂದ ಕಳೆದುಕೊಂಡದ್ದು ಗಳಿಸಿದ್ದಕ್ಕಿಂತ ಜಾಸ್ತಿ. ಇಂಜಿನ್ ಎಷ್ಟು ಕುಡಿಯುತ್ತದೆಂದು ತಿಳಿಯಲು 3.33 ಸರಿ, ಜೇಬಿನಿಂದ ಎಷ್ಟು ಹೋಯಿತೆಂದು ತಿಳಿಯಲು 3.2 ಸರಿ. ಪ್ರಶ್ನೆಗಳೇ ಬೇರೆ.

ನಂಬದಿದ್ದರೆ ನೀರು ನಿಲ್ಲಲಿ ನೋಡುವ ಎಂದ ಹುಡುಗ. ಕಾಂಡ್ಲಾ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಇಳಿತ ಮುಗಿದು ಭರತಿ ಹತ್ತುವ ಮುನ್ನ ಹೊಳೆ ಸ್ವಲ್ಪ ಹೊತ್ತು ಅಲುಗಾಡದೆ ನಿಲ್ಲುತ್ತದೆ. ತೇಲುವ ಎಲೆಯೂ ನಿಂತಿತ್ತು. ಎರಡು ಕಿಲೋಮೀಟರಿಗೆ ಹನ್ನೆರಡು ನಿಮಿಷ, 600 ಮಿಲಿಲೀಟರ್. 3.33! ಅಪ್ಪ ಏನೂ ಅನ್ನಲಿಲ್ಲ, ಹಿಡಿಯನ್ನು ಸ್ವಲ್ಪ ಇಳಿಸಿ "ಈಗ ಬರಿ ತಮಾ" ಎಂದರು. ಮರಳಿ ಅದೇ ದೂರಕ್ಕೆ ಹದಿನೈದು ನಿಮಿಷ, 400 ಮಿಲಿಲೀಟರ್. ಲೀಟರಿಗೆ 5. ಮೂರೇ ನಿಮಿಷ ತಡ, ಮೂರರಲ್ಲೊಂದು ಪಾಲು ಪೆಟ್ರೋಲ್ ಉಳಿಕೆ.

ಇದರಲ್ಲಿ ಪವಾಡವಿಲ್ಲ. ನೀರನ್ನು ಸೀಳಿ ಹೋಗುವ ದೋಣಿ ತಾನೇ ಎಬ್ಬಿಸಿದ ಅಲೆಗೆ ಸಿಕ್ಕಿಬೀಳುತ್ತದೆ. ನೀರಿಗೆ ತಾಗುವ ಉದ್ದ 25 ಅಡಿಯಾದರೆ ಅದರ ವರ್ಗಮೂಲ 5; ಅದನ್ನು 1.34ರಿಂದ ಗುಣಿಸಿದರೆ 6.7 ನಾಟ್, ಗಂಟೆಗೆ ಸುಮಾರು 12 ಕಿ.ಮೀ. ಆ ವೇಗ ಹತ್ತಿರವಾದಷ್ಟೂ ತನ್ನದೇ ಅಲೆಯ ಗುಡ್ಡ ಹತ್ತುವ ಶ್ರಮ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರಲ್ಲಿ ಸಣ್ಣ ಮೀನುಗಾರಿಕಾ ದೋಣಿಗಳಿಗಾಗಿ ಹೊರತಂದ ಇಂಧನ ಉಳಿತಾಯದ ಕೈಪಿಡಿಯೂ ವೇಗ ತಗ್ಗಿಸಿ ಎಂದೇ ಹೇಳುತ್ತದೆ. ತಳಕ್ಕೆ ಅಂಟಿದ ಪಾಚಿ, ಚಿಪ್ಪು ಕೆರೆಯುವುದು, ತಕ್ಕ ಪ್ರೊಪೆಲ್ಲರ್ ಹಾಕುವುದು ಆಮೇಲಿನ ಮಾತು.

ಯಜಮಾನರಿಗೆ ಇನ್ನೊಂದು ಗುಟ್ಟೂ ಗೊತ್ತಿತ್ತು. ಭರತಿಯಲ್ಲಿ ಮೇಲೆ ಹೋಗಿ ಇಳಿತದಲ್ಲಿ ಕೆಳಗೆ ಬಂದರೆ ಎರಡೂ ದಾರಿ ಹೊಳೆಯೇ ತಳ್ಳುತ್ತದೆ. ಮೀನು ಹಿಡಿಯುವಾಗ ಅವರು ಮಾಡುತ್ತಿದ್ದುದು ಅದನ್ನೇ. ಪ್ರವಾಸಿಗರು ಭರತಿ ನೋಡಿ ಬರುತ್ತಾರೆಯೇ? ಅವರು ಬರುವುದು ಊಟ ಮುಗಿಸಿಕೊಂಡು.

ಜೆಟ್ಟಿಯಲ್ಲಿ ಆಗಲೇ ಒಂದು ಕುಟುಂಬ ಕಾಯುತ್ತಿತ್ತು. ಸ್ವಲ್ಪ ಸ್ಪೀಡಾಗಿ ಹೋಗಬಹುದಾ ಎಂದು ಒಬ್ಬರು ಕೇಳಿದರು. ಯಜಮಾನರು ಮಗನ ಮುಖ ನೋಡಿದರು. ಹುಡುಗ ಪುಸ್ತಕ ತೆರೆದು ಹೊಸ ಸಾಲಿನಲ್ಲಿ ತಾರೀಖು ಬರೆದ. "ಹೋಗಬಹುದು, ಅದಕ್ಕೆ ಬಾಡಿಗೆ ಬೇರೆ" ಎಂದ.