ತಡೆಯದೆ ಬಿಟ್ಟ ಆಟಗಾರ

ಅಮೆರಿಕನ್ ಫುಟ್‌ಬಾಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಬರುವುದು ಹೆಲ್ಮೆಟ್ ತೊಟ್ಟ ದಾಂಡಿಗರ ನೂಕುನುಗ್ಗಲು. ಚೆಂಡನ್ನು ಕಾಲಿನಿಂದ ಒದೆಯುವುದೇ ಅಪರೂಪವಾಗಿರುವ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರೇಕೆ ಎಂದು ನಾನೂ ನಕ್ಕವನೇ. ಆದರೆ ಮಗಳ ಮನೆಗೆಂದು ಒಹಾಯೊ ರಾಜ್ಯಕ್ಕೆ ಹೋಗಿ ಒಂದು ಶರತ್ಕಾಲವನ್ನು ಅಲ್ಲಿ ಕಳೆದ ಮೇಲೆ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನನಗೆ ಆ ನೂಕುನುಗ್ಗಲಿನೊಳಗೆ ಒಂದು ಸೊಗಸಾದ ಲೆಕ್ಕ ಕಾಣಿಸಿತು.

ಲೆಕ್ಕ ಹೀಗಿದೆ. ಎರಡೂ ಕಡೆ 11 ಮಂದಿ. ಆಕ್ರಮಣ ಮಾಡುವವರು ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್‌ನ ಕೈ ಸೇರುತ್ತದೆ. ಅವನು ಅದನ್ನು ಓಟಗಾರನಿಗೆ ಕೊಟ್ಟು ಸುಮ್ಮನೆ ನಿಂತನೆಂದರೆ, ಓಡುವವನೊಬ್ಬ, ನೋಡುವವನೊಬ್ಬ. ಎದುರಿನ 11 ಮಂದಿಯನ್ನು ತಡೆಯಲು ಉಳಿಯುವವರು 9 ಮಂದಿ ಮಾತ್ರ. ಈ ಕೊರತೆಯನ್ನು ತಗ್ಗಿಸುವ ಉಪಾಯವೇ ‘ಆಪ್ಷನ್’. ಎದುರಾಳಿಗಳಲ್ಲಿ ಒಬ್ಬನನ್ನು ಬೇಕೆಂದೇ ತಡೆಯದೆ ಬಿಡುವುದು. ಅವನು ಏನು ಮಾಡುತ್ತಾನೆಂದು ನೋಡಿ, ಅದಕ್ಕೆ ವಿರುದ್ಧವಾದುದನ್ನು ಮಾಡುವುದು. ಮೈಬಲದಿಂದ ಉರುಳಿಸಬೇಕಾದವನನ್ನು ಕಣ್ಣಿನಿಂದಲೇ ನಿವಾರಿಸಿದಂತೆ!

ಇದು ಹೊಸ ಕಲ್ಪನೆಯಲ್ಲ. 1941ರಲ್ಲಿ ಮಿಸ್ಸೌರಿ ವಿಶ್ವವಿದ್ಯಾನಿಲಯದ ಡಾನ್ ಫಾರೊ ಎಂಬ ತರಬೇತುದಾರರು ಇದನ್ನು ಬಳಕೆಗೆ ತಂದರು. ಬಾಸ್ಕೆಟ್‌ಬಾಲ್‌ನಲ್ಲಿ ಇಬ್ಬರು ಸೇರಿ ಒಬ್ಬ ರಕ್ಷಕನ ಮೇಲೆ ನುಗ್ಗುವ ಕ್ರಮ ಅವರಿಗೆ ಪ್ರೇರಣೆಯಾಗಿತ್ತು. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯದ ತಂಡ ‘ವಿಶ್‌ಬೋನ್’ ಎಂಬ ವ್ಯೂಹದಿಂದ ಇದನ್ನು ಇನ್ನಷ್ಟು ಬೆಳೆಸಿತು. ಆ ವ್ಯೂಹಗಳಲ್ಲಿ ಆಟಗಾರರು ಒತ್ತೊತ್ತಾಗಿ ನಿಲ್ಲುತ್ತಿದ್ದರು. 1990ರ ದಶಕದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಚಿಕ್ಕ ಕಾಲೇಜಿನಲ್ಲಿ ರಿಚ್ ರಾಡ್ರಿಗಸ್ ಇದೇ ತತ್ತ್ವವನ್ನು ‘ಸ್ಪ್ರೆಡ್’ ವ್ಯೂಹಕ್ಕೆ, ಎಂದರೆ ಹರಡಿ ನಿಲ್ಲುವ ಕ್ರಮಕ್ಕೆ, ಅಳವಡಿಸಿದರು.

ಮೈದಾನದ ಅಗಲ 53 ಗಜಕ್ಕೆ ತುಸು ಹೆಚ್ಚು. ಮೂರು ನಾಲ್ಕು ಮಂದಿಯನ್ನು ಅಂಚಿನವರೆಗೂ ಚದುರಿಸಿ ನಿಲ್ಲಿಸಿದರೆ, ಅವರನ್ನು ಕಾಯಲು ಎದುರಾಳಿಗಳೂ ಚದುರಲೇಬೇಕು. ನಡುವೆ ಬಯಲು ತೆರೆಯುತ್ತದೆ. ಕ್ವಾರ್ಟರ್‌ಬ್ಯಾಕ್ ನಾಲ್ಕೈದು ಗಜ ಹಿಂದೆ ನಿಂತು ಚೆಂಡು ಪಡೆದು, ಪಕ್ಕದಿಂದ ಹಾದುಹೋಗುವ ಓಟಗಾರನ ಹೊಟ್ಟೆಗೆ ಅದನ್ನು ಒತ್ತಿ ಹಿಡಿಯುತ್ತಾನೆ. ಕೊಟ್ಟಿಲ್ಲ, ಕೊಡದೆಯೂ ಇಲ್ಲ. ಅವನ ದೃಷ್ಟಿ ತಡೆಯದೆ ಬಿಟ್ಟ ತುದಿಯ ಕಾವಲುಗಾರನ ಮೇಲಿರುತ್ತದೆ. ಕಾವಲುಗಾರ ಓಟಗಾರನ ಬೆನ್ನು ಹತ್ತಿದರೆ, ಚೆಂಡನ್ನು ಹಿಂದಕ್ಕೆಳೆದುಕೊಂಡು ಅವನು ಬಿಟ್ಟುಹೋದ ಜಾಗದಲ್ಲೇ ಓಡುತ್ತಾನೆ. ಕಾವಲುಗಾರ ನಿಂತಲ್ಲೇ ನಿಂತರೆ ಚೆಂಡನ್ನು ಓಟಗಾರನಿಗೇ ಬಿಡುತ್ತಾನೆ. 2006ರ ಜನವರಿ 4ರಂದು ರೋಸ್ ಬೌಲ್‌ನಲ್ಲಿ ಟೆಕ್ಸಸ್ ತಂಡ 41–38ರಿಂದ ಗೆದ್ದಾಗ, ಈ ಕಲೆಯಲ್ಲಿ ನುರಿತಿದ್ದ ಅದರ ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ತಾನೊಬ್ಬನೇ 200 ಗಜ ಓಡಿದ್ದ.

ಆದರೆ ಈ ಆಟದಲ್ಲಿ ನನ್ನ ಮನಸ್ಸು ನಿಂತದ್ದು ಕ್ವಾರ್ಟರ್‌ಬ್ಯಾಕ್‌ನ ಮೇಲಲ್ಲ, ಆ ತುದಿಯ ಕಾವಲುಗಾರನ ಮೇಲೆ. ಏಕೆಂದರೆ ನನ್ನ ಮೊಮ್ಮಗ ತನ್ನ ಶಾಲೆಯ ತಂಡದಲ್ಲಿ ಆಡುತ್ತಿದ್ದುದು ಅದೇ ಸ್ಥಾನದಲ್ಲಿ. ಒಂದು ಶುಕ್ರವಾರದ ರಾತ್ರಿ ಎದುರಾಳಿಗಳು ಇದೇ ಆಟವನ್ನು ಮತ್ತೆ ಮತ್ತೆ ಅವನ ಕಡೆಗೇ ಆಡಿದರು. ಮನೆಗೆ ಬಂದವನು ಊಟವನ್ನೂ ಮಾಡದೆ, “ತಾತ, ನಾನು ಒಳಗೆ ನುಗ್ಗಿದ್ರೂ ತಪ್ಪು, ನಿಂತ್ರೂ ತಪ್ಪು. ಇನ್ನು ಆಡಲ್ಲ” ಎಂದ. ಅತ್ತ ದರಿ, ಇತ್ತ ಪುಲಿ ಎಂದು ನಮ್ಮ ಹಿರಿಯರು ಹೇಳಿದ ಸ್ಥಿತಿ ಹದಿನಾರರ ಹುಡುಗನದಾಗಿತ್ತು. ಅವನ ಅಮ್ಮನಿಗೆ ಮೊದಲಿನಿಂದಲೂ ಪೆಟ್ಟಿನ ಭಯ. ಬಿಟ್ಟರೆ ಬಿಡಲಿ ಎಂದಳು. ಆದರೆ ಹುಡುಗ ಬಿಡಲು ಹೊರಟದ್ದು ಪೆಟ್ಟಿಗೆ ಹೆದರಿಯಲ್ಲ, ತಾನು ಅಸಮರ್ಥನೆಂದು ನಂಬಿ. ಅದು ನನ್ನನ್ನು ಕಾಡಿತು. ಎರಡು ಆಯ್ಕೆಗಳೂ ತಪ್ಪಾಗುವಂತೆ ಬೇರೊಬ್ಬರು ರಚಿಸಿದ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲವೆಂದರೆ ಅದು ದಡ್ಡತನವೇ?

ಎರಡು ದಿನಗಳ ಬಳಿಕ ಅವನೇ ಊಟದ ಮೇಜಿನ ಮೇಲೆ ನಾಣ್ಯಗಳನ್ನು ಜೋಡಿಸಿ, ತರಬೇತುದಾರರು ಹೇಳಿಕೊಟ್ಟ ಪರಿಹಾರವನ್ನು ನನಗೆ ತೋರಿಸಿದ. ಅದಕ್ಕೆ ‘ಸ್ಕ್ರೇಪ್ ಎಕ್ಸ್‌ಚೇಂಜ್’ ಎಂದು ಹೆಸರು. ತುದಿಯವನು ಸಂಶಯಪಡದೆ ಓಟಗಾರನ ಮೇಲೆ ನುಗ್ಗುತ್ತಾನೆ. ಅದನ್ನು ಕಂಡ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಇಟ್ಟುಕೊಂಡು ಹೊರಕ್ಕೆ ಓಡುತ್ತಾನೆ. ಆದರೆ ಹಿಂದಿನ ಸಾಲಿನ ಲೈನ್‌ಬ್ಯಾಕರ್ ಅಷ್ಟರಲ್ಲೇ ಸುತ್ತಿ ಬಂದು ಆ ಬಯಲಿನಲ್ಲಿ ಕಾದಿರುತ್ತಾನೆ. ಒಬ್ಬನಿಗೆ ಬಿಡಿಸಲಾಗದ ಲೆಕ್ಕ ಇಬ್ಬರಿಗೆ ಬಿಡಿಸಲು ಬರುತ್ತದೆ. ಷರತ್ತು ಒಂದೇ: ಬೆನ್ನ ಹಿಂದಿನವನು ಬಂದೇ ಬರುತ್ತಾನೆಂದು, ತಿರುಗಿ ನೋಡದೆ ನಂಬಬೇಕು.

ಅಂದು ನೆನಪಾದವಳು ಬಹಳ ಹಿಂದಿನ ನನ್ನ ವಿದ್ಯಾರ್ಥಿನಿಯೊಬ್ಬಳು. ಶಾಲೆಗೆ ಬಂದರೆ ಮನೆಯಲ್ಲಿ ಪುಟ್ಟ ತಮ್ಮನನ್ನು ನೋಡಿಕೊಳ್ಳುವವರಿಲ್ಲ. ಮನೆಯಲ್ಲುಳಿದರೆ ಹತ್ತನೆಯ ತರಗತಿಯ ಹಾಜರಾತಿ ಇಲ್ಲ. ಅವಳನ್ನು ಗದರಿಸಿದವರೂ ಬುದ್ಧಿ ಹೇಳಿದವರೂ ಬೇಕಾದಷ್ಟಿದ್ದರು. ಅವಳು ಪರೀಕ್ಷೆಗೆ ಕೂತದ್ದು ಮಾತ್ರ, ಪಕ್ಕದ ಮನೆಯ ಅಜ್ಜಿಯೊಬ್ಬರು “ಮಗೂನ ನನ್ಹತ್ರ ಬಿಟ್ಟು ಹೋಗವ್ವ” ಎಂದುದರಿಂದ.

ಮುಂದಿನ ಶುಕ್ರವಾರವೂ ಮೊಮ್ಮಗನ ತಂಡ ಸೋತಿತು. ಕ್ವಾರ್ಟರ್‌ಬ್ಯಾಕ್‌ಗಳು ಲೈನ್‌ಬ್ಯಾಕರ್‌ನ ಚಲನೆಯನ್ನೂ ಓದುವುದನ್ನು ಕಲಿತಿರುತ್ತಾರೆ. ಯಾವ ಉಪಾಯಕ್ಕೂ ಮರು ಉಪಾಯವಿದ್ದೇ ಇದೆ. ಆದರೆ ಮೂರನೆಯ ಪಾದದಲ್ಲೊಮ್ಮೆ ಹುಡುಗ ನುಗ್ಗಿದ, ಚೆಂಡು ಹೊರಕ್ಕೆ ಓಡಿತು, ಅಲ್ಲಿ ಕಾದಿದ್ದ ಗೆಳೆಯ ಅದನ್ನು ಹಿಡಿದು ಕೆಡವಿದ. ಧ್ವನಿವರ್ಧಕದಲ್ಲಿ ಕೂಗಿದ್ದು ಗೆಳೆಯನ ಹೆಸರು. ನನ್ನ ಮೊಮ್ಮಗ ಕೆಡವಿದ್ದು ಬರಿಗೈಯ ಓಟಗಾರನನ್ನು. ಆದರೂ ಮಣ್ಣು ಕೊಡವಿಕೊಂಡು ಮೊದಲು ಎದ್ದು, ಗೆಳೆಯನತ್ತ ಕೈ ಎತ್ತಿ ಓಡಿದವನು ಅವನೇ.