ನಿಕ್ಷೇಪ

ಒಬ್ಬನು ನಂಬಿ ಮತ್ತೊಬ್ಬನ ವಶಕ್ಕೆ ಒಪ್ಪಿಸಿದ ವಸ್ತುವಿಗೆ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದು ಹೆಸರಿಟ್ಟಿರುವರು. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನದ ತರುವಾಯ ಬರುವುದು ಇದೇ. ಆ ಕಾಲದಲ್ಲಿ ನಿಕ್ಷೇಪವೆಂದರೆ ಬಹುಮಟ್ಟಿಗೆ ಹೊನ್ನು. ಈಗ ಅದು ಅಕ್ಷರರೂಪದಲ್ಲಿಯೂ ಇರಬಹುದು.

ಮಲೆನಾಡಿನ ಅಂಚಿನ ತಾಲ್ಲೂಕು ಕೇಂದ್ರವೊಂದರಲ್ಲಿ ವೃದ್ಧ ವಕೀಲರೊಬ್ಬರಿರುವರು. ಅವರು ನ್ಯಾಯಸ್ಥಾನಕ್ಕೆ ಹೋಗುವುದನ್ನು ಬಿಟ್ಟು ಬಹುಕಾಲವಾದರೂ ಸುತ್ತಲಿನವರು ಉಯಿಲುಗಳನ್ನೂ ವಿಭಾಗಪತ್ರಗಳನ್ನೂ ಅವರಿಂದಲೇ ಬರೆಯಿಸುವರು. ಯಾವ ಮಗನಿಗೆ ತೋಟ, ಯಾವ ಮಗಳಿಗೆ ಒಡವೆ, ಯಾರಿಗೆ ಏನೂ ಇಲ್ಲ ಎಂಬುದೆಲ್ಲ ಅವರ ಕಂಪ್ಯೂಟರಿನಲ್ಲಿ ಅಡಗಿದ್ದಿತು. ಅದನ್ನು ನಡೆಯಿಸುತ್ತಿದ್ದುದು 2015ರಲ್ಲಿ ಹೊರಬಂದ ವಿಂಡೋಸ್ 10. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪೆನಿಯ ಬೆಂಬಲವು ಮುಗಿಯುವುದೆಂದೂ ವಿಂಡೋಸ್ 11ಕ್ಕೆ ಏರುವುದು ಲೇಸೆಂದೂ ಪರದೆಯ ಮೇಲೆ ಸೂಚನೆಯು ಪದೇಪದೇ ಕಾಣಿಸಿಕೊಳ್ಳತೊಡಗಿತು.

ಆ ವರ್ಷದ ದಸರೆಗೆ ಮೊಮ್ಮಗಳು ಊರಿಗೆ ಬಂದಿದ್ದಳು. “ತಾತ, ಒಂದು ಗುಂಡಿಯನ್ನು ಒತ್ತಿದರಾಯಿತು” ಎಂದಳು.

“ಒತ್ತುವುದು ಸುಲಭವಮ್ಮ. ಒತ್ತಿದ ಮೇಲೆ ಮನೆಯೊಳಗೆ ಯಾರು ಯಾರು ಬರುವರು, ಅದನ್ನು ಹೇಳು.”

ಹುಡುಗಿಯು ಮುಚ್ಚುಮರೆಯಿಲ್ಲದೆ ಹೇಳಿದಳು. ಯಂತ್ರದ ಸ್ಥಿತಿಗತಿಗಳ ವರದಿಯು ಕಂಪೆನಿಗೆ ಹೋಗುವುದು; ಅದರಲ್ಲಿ ಐಚ್ಛಿಕವಾದ ಭಾಗವನ್ನು ತಡೆಯಬಹುದು, ಅವಶ್ಯವೆಂದು ಅವರು ಕರೆಯುವ ಭಾಗವನ್ನು ತಡೆಯಲಾಗದು. ಒಪ್ಪಿಗೆಯಿತ್ತರೆ ಕಡತಗಳ ಪ್ರತಿಯು ಒನ್‌ಡ್ರೈವ್ ಎಂಬ ಅವರ ದೂರದ ಉಗ್ರಾಣವನ್ನು ಸೇರುವುದು. ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಡುವ ರೀಕಾಲ್ ಎಂಬ ಸಾಧನವನ್ನು 2024ರ ಮೇ ತಿಂಗಳಲ್ಲಿ ಪ್ರಕಟಿಸಿದಾಗ ಬಹಳ ಆಕ್ಷೇಪಣೆಯೆದ್ದು ಅದನ್ನು ಮುಂದೂಡಿದರು. 2025ರ ಏಪ್ರಿಲಿನಲ್ಲಿ ಅದು ಹೊಸ ಬಗೆಯ ಕೆಲವು ಯಂತ್ರಗಳಿಗೆ ಮಾತ್ರ, ಒಡೆಯನು ಬಯಸಿದರೆ ಮಾತ್ರ, ಎಂದಾಯಿತು.

“ಹಾಗಾದರೆ ಹಳೆಯದೇ ಇರಲಿ” ಎಂದರು ವಕೀಲರು.

“2017ರ ಮೇ ತಿಂಗಳನ್ನು ಮರೆತಿರಾ, ತಾತ? ವಾನಾಕ್ರೈ ಪಿಡುಗು ಬಂದಿತಲ್ಲ! ಅದಕ್ಕೆ ಬೇಕಾದ ತೇಪೆಯನ್ನು ಕಂಪೆನಿಯು ಮಾರ್ಚಿನಲ್ಲಿಯೇ ಕೊಟ್ಟಿದ್ದಿತು. ಹಾಕಿಕೊಳ್ಳದವರ ಕಡತಗಳೆಲ್ಲ ಬೀಗ ಬಿದ್ದು, ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಬೇಕಾಯಿತು. ಇನ್ನು ಮೇಲೆ ನಿಮ್ಮ ಯಂತ್ರಕ್ಕೆ ತೇಪೆಯೇ ಬಾರದಿದ್ದರೆ?”

ವಕೀಲರು ಆ ರಾತ್ರಿ ಬಹಳ ಹೊತ್ತು ನಿದ್ರಿಸಲಿಲ್ಲ. ಅದೇ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದ್ದರು. ವ್ಯಾಜ್ಯವನ್ನು ಹೂಡಿದವರು ಕರ್ನಾಟಕದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರೆಂಬ ಅಭಿಮಾನದಿಂದ ಅವರು ಆ ತೀರ್ಪನ್ನು ಪೂರ್ತಿಯಾಗಿ ಓದಿದ್ದರು. ಹಕ್ಕು ತನ್ನದಾದರೆ ಬಿಟ್ಟುಕೊಡುವ ಸ್ವಾತಂತ್ರ್ಯವೂ ತನಗುಂಟು. ಆದರೆ ಈ ಕಡತಗಳಲ್ಲಿದ್ದ ಗುಟ್ಟು ಅವರದಾಗಿರಲಿಲ್ಲ. ಕಳ್ಳನು ಒಡೆದೊಯ್ದರೂ, ಕೆಲಸದವನು ಬಾಗಿಲಿನಿಂದಲೇ ಒಯ್ದರೂ ಉತ್ತರ ಹೇಳಬೇಕಾದವರು ಅವರೇ.

ಮರುದಿನ ನಿರ್ಧಾರವಾಯಿತು. ಉಯಿಲುಗಳೆಲ್ಲವನ್ನೂ ಎರಡು ಹಾರ್ಡ್ ಡಿಸ್ಕುಗಳಿಗೆ ತುಂಬಿ, ಕಂಪ್ಯೂಟರಿನಿಂದ ಅಳಿಸಿ, ಕಬ್ಬಿಣದ ಬೀರುವಿನಲ್ಲಿಟ್ಟರು. ಅನಂತರ ವಿಂಡೋಸ್ 11ಕ್ಕೆ ಏರಿದರು. ಮೊಮ್ಮಗಳು ಪ್ರತಿಯೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿದಳು. ಪಾಟೀಸವಾಲಿನ ಸಾಕ್ಷಿಯಂತೆ ವಕೀಲರು ಒಂದೊಂದಕ್ಕೂ ತಡೆದು ಉತ್ತರವಿತ್ತರು. ಐಚ್ಛಿಕ ವರದಿ ಬೇಡ, ಜಾಹೀರಾತಿನ ಗುರುತು ಬೇಡ, ದೂರದ ಉಗ್ರಾಣ ಬೇಡ.

ದೀಪಾವಳಿಯ ಮಾರನೆಯ ವಾರ ಮುದುಕಿಯೊಬ್ಬಳು ಉಯಿಲನ್ನು ತಿದ್ದಿಸಲು ಬಂದಳು. ಕುಳಿತವಳೇ, “ಇದು ಯಾರಿಗೂ ತಿಳಿಯದಷ್ಟೆ, ಸ್ವಾಮಿ?” ಎಂದಳು. ನಲವತ್ತು ವರ್ಷ ಅವರು ಈ ಪ್ರಶ್ನೆಗೆ ಯೋಚಿಸದೆ ತಲೆಯಾಡಿಸಿದ್ದರು. ಆ ದಿನ ಎದ್ದು ಅಂತರ್ಜಾಲದ ತಂತಿಯನ್ನು ಕಿತ್ತು, ಬೀರುವಿನಿಂದ ಡಿಸ್ಕನ್ನು ತಂದು ಮುಂದಿಟ್ಟುಕೊಂಡು, “ಇನ್ನು ಹೇಳಿ, ತಾಯಿ” ಎಂದರು.